ಸೂಜಿ ಹಿಡಿದಾಗಿನ ಉಸಿರು

ಅಮ್ಮಾ,

ಇವತ್ತು ಬೆಳಿಗ್ಗೆ ಒಬ್ಬ ಬಡಗಿಯ ಕಣ್ಣು ಹೊಲಿದೆ. ಮೊಳೆ ಸಿಡಿದು ಕರಿಗುಡ್ಡೆ ಸೀಳಿತ್ತು. ಸಾಲದ್ದಕ್ಕೆ ಅವನಿಗೆ ಉಸಿರಿನಿಂದ ಹರಡುವ ಈ ಹಾಳು ಸೋಂಕು ಬೇರೆ. ಕಾಯುವ ಹಾಗಿರಲಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಲು ಗಂಟಲಿಗೆ ನಳಿಕೆ ಇಳಿಸಿದರೆ ಸೋಂಕು ಹರಡುತ್ತದೆಂದು ಕಣ್ಣನ್ನಷ್ಟೇ ಮರಗಟ್ಟಿಸಿದ್ದೆವು. ಅವನ ಬಾಯಿ ನನ್ನ ಮುಖಕ್ಕೆ ಗೇಣು ದೂರದಲ್ಲಿತ್ತು.

ಸೂಜಿಗೆ ದಾರ ಪೋಣಿಸುವಾಗ ನೀನು ಉಸಿರು ಬಿಗಿಹಿಡಿಯುತ್ತಿದ್ದೆಯಲ್ಲ, ನನಗೂ ಅದೇ ಚಾಳಿ. ಹೊದಿಸಿದ ಬಟ್ಟೆಯ ಕೆಳಗಿಂದ ಅವನು ಹೇಳಿದ: “ಡಾಕ್ಟ್ರೇ, ನಿಮ್ಮ ಉಸಿರೇ ಕೇಳ್ತಿಲ್ಲ. ಹೆದರ್ಬೇಡಿ, ನಾನು ಅಲ್ಲಾಡಲ್ಲ. ನಿಧಾನಕ್ಕೆ ಉಸಿರಾಡಿ.”

ಉಸಿರು ಬಿಟ್ಟೆ. ಮತ್ತೆ ಎಳೆದುಕೊಳ್ಳಲು ಭಯವಾಯಿತು. ಆದರೂ ಎಳೆದುಕೊಂಡೆ, ಹೊಲಿಗೆ ಮುಗಿಯಿತು.

ಅಮ್ಮಾ, ಇದೇ ಸೋಂಕಿನಲ್ಲಿ ನಿನಗೆ ಉಸಿರು ಕಟ್ಟಿದಾಗ, ಹಾಗೆ ಹೇಳಲು ಪಕ್ಕದಲ್ಲಿ ಯಾರಿದ್ದರು?