ಗೆರೆ ಅವನದು, ಬಣ್ಣ ನನ್ನದು

ಜನವರಿ 19, ಸೋಮವಾರ. ಬೆಂಗಳೂರು

ಪ್ಯಾಲೆಟ್ ತೊಳೆದೆ. ಬಳಸದೇ ಇರುವುದನ್ನು ತೊಳೆಯುವುದು ಇದು ಎಷ್ಟನೇ ಸಲವೋ. ಹಾಲು ಉಕ್ಕಿತು, ಒರೆಸಿದೆ. ಮಾನಸ ಫೋನ್ ಮಾಡಿದ್ದಳು. ಗ್ಯಾಲರಿ ಅವಳದು, ಫೋನಿನಲ್ಲಿ ಮಾತೂ ಅವಳದೇ. ನಾಲ್ಕು ತಾಲ್ಲೂಕಿನ ಸೀರೀಸ್ ಫೆಬ್ರವರಿಯಲ್ಲಿ ಗೋಡೆ ಹತ್ತಲೇಬೇಕಂತೆ. ಮಿಕ್ಕಿದ್ದೆಲ್ಲ ಫ್ರೇಮ್ ಆಗಿದೆ, ಒಂದು ಹಾಳೆ ಬಾಕಿ. "ನೀರು ತಾನೇ ಸ್ನೇಹಾ, ನೀಲಿ ಬಳಿದು ಕೊಟ್ಟುಬಿಡೇ."

ಆ ಹಾಳೆ.

ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ — ರಜೆ ಸಿಕ್ಕಾಗಲೆಲ್ಲ ನಾನೂ ಗೌರೀಶನೂ ಸುತ್ತಿದ್ದು ಅಲ್ಲೇ. ಅವನು ಪೆನ್ನಲ್ಲಿ ಗೆರೆ ಎಳೆಯುತ್ತಿದ್ದ, ನಾನು ಬಣ್ಣ ಹಾಕುತ್ತಿದ್ದೆ. ಒಣಗಿದ ಮೇಲೆ ಸಹಿ. ಮೊದಲು ಅವನದು, ಆಮೇಲೆ ನನ್ನದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ, ನಮ್ಮದು ಬಣ್ಣ ಒಣಗುವ ತನಕ.

ಹೋದ ವರ್ಷ ಫೆಬ್ರವರಿಯಲ್ಲಿ ನನಗೆ ಜ್ವರ. ಅವನೊಬ್ಬನೇ ಬೈಕಲ್ಲಿ ಹೋಗಿ ಬಂದ. ಒಂದು ಹಾಳೆ ಹಿಡಿದು, ಎಲ್ಲಿ ಹೇಳು ನೋಡೋಣ ಅಂದ. ಹಳೇ ಆಟ. ಸೋತವರು ವಾರವಿಡೀ ಪಾತ್ರೆ ತೊಳೆಯಬೇಕು. ಗುಡ್ಡದ ಮೇಲೆ ಕಂಬಳಿ ಹೊದ್ದ ಹೆಂಗಸು, ನಾಲ್ಕಾರು ಕುರಿ, ಕೆಳಗೆ ಉದ್ದಕ್ಕೂ ಚಿಕ್ಕ ಚಿಕ್ಕ ಅಡ್ಡಗೆರೆಗಳು, ಸಾಲು ಸಾಲು. ಅವನು ನೀರು ಬರೆಯುವುದೇ ಹಾಗೆ. ಯಾವುದೋ ಕೆರೆ ಅಂದೆ. ನಕ್ಕ. ನೀನೇ ಹುಡುಕು, ಬಣ್ಣಕ್ಕೆ ಹೇಗೂ ಹೋಗಬೇಕಲ್ಲ ಅಂದ.

ಅದೇ ವಾರ ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ಬಿದ್ದ. ಹೃದಯ ನಿಂತಿದೆ ಅಂದರು ಡಾಕ್ಟರ್. ನಾನೂ ಹಾಗೇ ಬರೆಯುತ್ತೇನೆ. ಇನ್ನೊಂದು ಪದ ಇದೆ. ಅದು ನನ್ನ ಬಾಯಿಂದ ಇನ್ನೂ ಬಂದಿಲ್ಲ. ಬೇರೆಯವರೇ ಹೇಳಿದರು ಎಲ್ಲರಿಗೂ.

ಆ ಜಾಗ ನೋಡದೆ ಬಣ್ಣ ಹಾಕಲಾರೆ. ಹಾಕಿದರೆ ಅವನ ಗೆರೆ ಅಲ್ಲಿಗೆ ಮುಗಿಯಿತು... ಅದೂ ಇದೆ. ನಾಳೆ ಹೊರಡುವುದು.

ಜನವರಿ 21. ಮಧುಗಿರಿ

ಲಾಡ್ಜಿನ ಕಿಟಕಿ ತುಂಬ ಬೆಟ್ಟ. ಆಕಾಶ ನೋಡಬೇಕೆಂದರೆ ಕುತ್ತಿಗೆ ಎತ್ತಬೇಕು. ಬಸ್ ಸ್ಟ್ಯಾಂಡಿನಲ್ಲಿ ದಾಳಿಂಬೆ ಮಾರುವವಳು ಒಂದನ್ನು ಸೀಳಿ ಮೇಲಿಟ್ಟಿದ್ದಳು. ಅಷ್ಟು ಕೆಂಪು. ನೋಡಿದೆ. ಏನೂ ಆಗಲಿಲ್ಲ.

ಲಾಡ್ಜಿನ ನರಸಿಂಹರಾಜು ಗುರುತು ಹಿಡಿದ. ಕೇಳದೆಯೇ ಎರಡು ಟವೆಲ್ ತಂದಿಟ್ಟ. "ಸಾರು ಗಾಡಿ ನಿಲ್ಸಿ ಬತ್ತಾವ್ರಾ?" ಹೂಂ ಅಂದೆ. ಎಷ್ಟು ಸುಲಭ.

ಸುತ್ತಲಿನ ಕೆರೆಗಳಿಗೆಲ್ಲ ಆಟೋದಲ್ಲಿ ಹೋಗಿ ಹಾಳೆ ಹಿಡಿದು ನೋಡಿದೆ. ಯಾವುದೂ ಅಲ್ಲ. ಎರಡನೇ ಟವೆಲ್ ಮಡಿಕೆ ಬಿಚ್ಚದೆ ಹಾಗೇ ಇದೆ.

ಜನವರಿ 22. ಕೊರಟಗೆರೆ

ತೀತಾ ಜಲಾಶಯ. ನೀರಿದೆ, ಗುಡ್ಡವೂ ಇದೆ, ತಪ್ಪು ಕಡೆ ಇದೆ. ಕುರಿ ಇಲ್ಲ. ತಟ್ಟೆ ಇಡ್ಲಿ ತಿಂದೆ. ದುಃಖದಲ್ಲಿ ರುಚಿಯೇ ಗೊತ್ತಾಗಲಿಲ್ಲ ಅಂತ ಬರೆಯುವ ಹಾಗಿಲ್ಲ, ಚಟ್ನಿಗೆ ಉಪ್ಪು ಕಡಿಮೆ ಇತ್ತು.

ಜನವರಿ 25, ಭಾನುವಾರ. ಸಿರಾ

ಅಫ್ಜಲುನ್ನೀಸಾ ಅವರ ಬಳೆ ಅಂಗಡಿ ಮುಂದೆ ತಲೆ ತಗ್ಗಿಸಿ ದಾಟಿಬಿಡೋಣ ಅಂದುಕೊಂಡಿದ್ದೆ. ಆಗಲಿಲ್ಲ. ಒಮ್ಮೆ ಅವರ ಅಂಗಡಿ ಬರೆದಾಗಿನಿಂದ ಸಿರಾಕ್ಕೆ ಬಂದರೆ ನಮ್ಮ ಊಟ ಅವರ ಮನೆಯಲ್ಲೇ. ಕೂರಿಸಿದರು, ಉಣ್ಣಿಸಿದರು. ಭಾಯಿ ಎಲ್ಲಿ ಅಂದರು. ಆಫೀಸ್ ಕೆಲಸ ಅಂದೆ. ಹೊರಡುವಾಗ ಒಂದು ಸ್ಟೀಲ್ ಡಬ್ಬಿ ಕೈಗಿಟ್ಟರು. "ಖೀಮಾ ಐತೆ ಬೇಟಾ. ಭಾಯಿಗೆ ಕೊಡಿ. ನೀವು ದಾರೀಲಿ ಖಾಲಿ ಮಾಡ್ಬುಟ್ಟೀರಾ ಮತ್ತೆ."

ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಳ್ಳಂಬೆಳ್ಳಕ್ಕೆ ಹೋದೆ. ಕೆರೆ ತುಂಬ ಬಿಸಿಲು. ಸಾಕಾಗಿತ್ತು. ಇದೇ ಇರಲಿ ಅಂದುಕೊಂಡು ಪ್ಯಾಲೆಟ್ ತೆರೆದೆ. ಅಡ್ಡಗೆರೆಗಳ ಮೇಲೆ ತೆಳು ನೀಲಿ, ಒಂದು ಪಟ್ಟಿ ಎಳೆದೆ. ಎಳೆದ ಮೇಲೆ ಕಂಡಿತು — ಇಲ್ಲಿ ಏರಿ ಇದೆ. ಹಾಳೆಯಲ್ಲಿ ಏರಿ ಇಲ್ಲ. ಕೆರೆ ಬರೆದು ಏರಿ ಬಿಡುವ ಆಸಾಮಿಯಲ್ಲ ಅವನು.

ತಪ್ಪು ಜಾಗದ ನೀಲಿ ಬಿದ್ದಾಯಿತು. ಅವನ ಕೊನೆಯ ಹಾಳೆ ಕೆಡಿಸಿದೆ.

ಜನವರಿ 26. ಸಿರಾ

ಡಬ್ಬಿ ಹಳಸಿತು. ಲಾಡ್ಜಿನ ಹಿಂದಿನ ನಾಯಿಗೆ ಹಾಕಿದೆ. ಡಬ್ಬಿ ತೊಳೆದೆ.

ಜನವರಿ 30, ಶುಕ್ರವಾರ. ಪಾವಗಡ

ನಡುವಿನ ದಿನ ಏನು ಮಾಡಿದೆ? ಮಲಗಿದ್ದೆ. ಫ್ಯಾನ್ ತಿರುಗುತ್ತಿತ್ತು.

ಇವತ್ತು ಬಲಸಮುದ್ರದ ಕಡೆ ಬಸ್ಸು. ಕಿಟಕಿಯಾಚೆ ಇದ್ದಕ್ಕಿದ್ದಂತೆ ನೀರು... ಕಣ್ಣು ಹೋದಷ್ಟು ದೂರ. ಏರಿ ಇಲ್ಲ. ಕೂಗಿ ಬಸ್ ನಿಲ್ಲಿಸಿ ಇಳಿದೆ. ಗುಡ್ಡ ಹತ್ತಿದೆ. ಹತ್ತಿದಷ್ಟೂ ನೀರು ಸಾಲು ಸಾಲಾಗಿ ಒಡೆಯಿತು. ಗಾಜು, ಕಬ್ಬಿಣದ ಕಾಲು. ಸೋಲಾರ್ ಪ್ಯಾನೆಲ್‌ಗಳು! ಅವನ ಅಡ್ಡಗೆರೆಗಳು. ಇಷ್ಟು ದಿನ ಹಾಳೆಯಲ್ಲಿದ್ದದ್ದನ್ನು ನೋಡದೆ, ಅವನ ಕೈಚಳಕ ನೋಡಿ ನೀರು ಅಂತ ಓದುತ್ತಿದ್ದೆ.

ಬಂಡೆಯ ಮೇಲೆ ಕಂಬಳಿ ಹೊದ್ದ ಹೆಂಗಸು, ಪಕ್ಕದಲ್ಲಿ ಕುರಿ. ನನ್ನ ಹೆಗಲ ಬ್ಯಾಗಿನ ಬ್ರಶ್‌ಗಳನ್ನೂ ಮುಖವನ್ನೂ ನೋಡಿದಳು. ನನಗಿಂತ ಮೊದಲು ಅವಳೇ ಮಾತಾಡಿದಳು.

"ಏಮ್ಮಾ, ಜ್ವರ ತಗ್ಗಿಂದಾ?"

ತೆಲುಗು ನನಗೆ ಬಾರದು. ಕನ್ನಡದಲ್ಲಿ ಕೇಳಿದಳು. "ಜ್ವರ ಬುಡ್ತಾ ಅಂದೆ ಕಣಮ್ಮ."

ಹೋದ ವರ್ಷದ ಜ್ವರ. ಬಿಡ್ತು ಅಂದೆ.

ಹೆಸರು ಈರಕ್ಕ. ಆವತ್ತು ಗೌರೀಶ್ ಅರ್ಧ ದಿನ ಕೂತು ಅವಳನ್ನು ಬರೆದನಂತೆ. ಬಣ್ಣ ಯಾಕಿಲ್ಲ ಅಂತ ಅವಳು ಜಗಳ ತೆಗೆದಳಂತೆ. ಬಣ್ಣದವಳಿಗೆ ಜ್ವರ, ಆಮೇಲೆ ಬರ್ತಾಳೆ ಅಂದನಂತೆ. "ಕೆರೆ ಅಂತ ಹುಡುಕ್ಕೊಂಡು ಊರೆಲ್ಲ ಸುತ್ತಿ ಬತ್ತಾಳೆ, ನೀನು ಹೇಳ್ಕೊಡಬ್ಯಾಡ ಅಂದಿದ್ದ ಆವಯ್ಯ. ನಾಚ್ಕಬ್ಯಾಡ. ಮೊದ್ಲು ಹಾಕ್ದಾಗ ನಮ್ ಕುರಿಗಳೂ ನೀರು ಅಂತ ಓಡೋದ್ವು."

ಅವನ ಮೇಲೆ ಸಿಟ್ಟು ಬಂತು. ಆವತ್ತಿನಿಂದ ಇವತ್ತಿನವರೆಗೆ ಬಂದ ಮೊದಲ ಸಿಟ್ಟು. ಇಷ್ಟು ಚೆನ್ನಾಗಿ ಆಟ ಕಟ್ಟಿ ಮಧ್ಯದಲ್ಲೇ ಎದ್ದು ಹೋಗುವುದೇ?

ಆವಯ್ಯ ಎಲ್ಲಿ, ಗಾಡಿ ಕೆಟ್ಟಿದೆಯಾ ಅಂತ ಕೇಳಿದಳು. ನಾಳೆ ಬರ್ತಾರೆ ಅಂದೆ. ಹಂಗಾದರೆ ನಾಳೆ ಇಬ್ಬರಿಗೂ ಮಜ್ಜಿಗೆ ತರುತ್ತೇನೆ ಅಂದಳು.

ನರಸಿಂಹರಾಜುಗೆ ಸುಳ್ಳು ಹೇಳಿದೆ, ಅಫ್ಜಲುನ್ನೀಸಾಗೆ ಹೇಳಿದೆ. ನಡೆಯಿತು. ಇವಳು ಕಾಯುತ್ತಾಳೆ. ನಾಳೆ ಹೋಗದೆ ಬಸ್ ಹತ್ತಿಬಿಡಬಹುದು.

ಜನವರಿ 31. ಬೆಳಿಗ್ಗೆ, ಗುಡ್ಡದ ಮೇಲೆ

ಬಂದೆ.

ಈರಕ್ಕ ಹೊಸ ಸೀರೆ ಉಟ್ಟು ಬಂದಿದ್ದಳು, ಗುಲಾಬಿ. ಕೈಯಲ್ಲಿ ತಂಬಿಗೆ, ಎರಡು ಲೋಟ. ನನ್ನ ಹಿಂದೆ ದಾರಿ ನೋಡಿದಳು. ಒಂದು ಲೋಟ ನನಗೆ ಕೊಟ್ಟಳು. ಇನ್ನೊಂದಕ್ಕೂ ಮಜ್ಜಿಗೆ ಬಗ್ಗಿಸಿದಳು. ಅದನ್ನು ಬಗ್ಗಿಸಬಾರದಿತ್ತು. ಹೇಳದೆ ವಿಧಿಯಿರಲಿಲ್ಲ.

"ಈರಕ್ಕ, ಅವರು ಸತ್ತೋದರು."

ನನ್ನದೇ ದನಿ. ಕುರಿ ಮೇಯುತ್ತಲೇ ಇದ್ದವು.

ಎಂದು ಅಂತ ಕೇಳಿದಳು. ನಿನ್ನನ್ನು ಬರೆದು ಬಂದ ವಾರವೇ ಅಂದೆ. ಲೋಟ ಚೆಲ್ಲಲಿಲ್ಲ ಅವಳು. ತನ್ನ ಪಕ್ಕ ಬಂಡೆಯ ಮೇಲಿಟ್ಟಳು. ಆಮೇಲೆ ಹಳೇ ಕಂಬಳಿ ಎತ್ತಿ, ಗುಲಾಬಿ ಸೀರೆ ಕಾಣದ ಹಾಗೆ ಹೊದ್ದಳು.

"ಆವತ್ತು ಹೆಂಗೆ ಕೂತಿದ್ದೆ? ಅಂಗೇ ಕೂತ್ಕತೀನಿ. ನೀನು ಬಣ್ಣ ಹಾಕು."

ಕೆಡಿಸಿದ್ದೇನೆ ಅಂತ ಆ ನೀಲಿ ಪಟ್ಟಿ ತೋರಿಸಿದೆ. ಕೆಳಗೆ ಕೈ ತೋರಿಸಿದಳು. ಬೆಳಗ್ಗೆ ಹೊತ್ತು ಅವು ನೀಲಿಯೇ ಇರುತ್ತವಂತೆ, ಮಧ್ಯಾಹ್ನಕ್ಕೆ ಬಿಳಿ, ಸಂಜೆಗೆ ಕಪ್ಪು. ನೋಡಿದೆ. ನೀಲಿಯೇ. ಕಳ್ಳಂಬೆಳ್ಳದ್ದಕ್ಕಿಂತ ಒಂದು ಚೂರು ಬೂದು, ಅಷ್ಟೇ.

ನಾನು ಅತ್ತುಬಿಟ್ಟೆ ಅಂತ ಬರೆದರೆ ಸುಳ್ಳು. ನೀಲಿಗೆ ಒಂದು ಚೂರು ಬೂದು ಬೆರೆಸಿದೆ. ಆ ಪಟ್ಟಿಯ ಪಕ್ಕದಿಂದಲೇ ಹಾಕುತ್ತಾ ಹೋದೆ.

ಅದೇ ದಿನ, ಬಿಸಿಲೇರಿದ ಮೇಲೆ

ಮುಗಿಯಿತು. ಕಂಬಳಿಯ ಕಪ್ಪು ಚೆನ್ನಾಗಿ ಬಂದಿದೆ. ಅಂಚಲ್ಲಿ ಒಂದು ಚೂರು ಗುಲಾಬಿ ಬಿಟ್ಟೆ. ಆವತ್ತು ಇರಲಿಲ್ಲ, ಇವತ್ತಿದೆ. ಅವನು ಒಪ್ಪುತ್ತಿರಲಿಲ್ಲ, ಜಗಳವಾಗುತ್ತಿತ್ತು.

ಈರಕ್ಕ ಕುರಿ ಹಿಂದೆ ಕೆಳಗಿಳಿದಳು. ಅವನ ಮಜ್ಜಿಗೆ ಬಂಡೆಯ ಮೇಲೇ ಇದೆ, ಇರುವೆ ಬಂದಿವೆ.

ಬೆರಳಿಟ್ಟು ನೋಡಿದೆ. ಬಣ್ಣ ಒಣಗಿದೆ. ಪೆನ್ ತೆಗೆದೆ. ಸಹಿ ಹಾಕಬೇಕು. ಮೊದಲು ಅವನದು...