ಅಪ್ಪನ ಮಂಚದ ಬಟನ್

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ

ಟೀ ಇನ್ನೂ ಕುದಿ ಬಂದಿಲ್ಲ, ಬಜರ್ ಆಗಲೇ ಮೂರು ಸಲ. ಸ್ಟ್ರೋಕ್ ಆದಮೇಲೆ ಅಪ್ಪನಿಗೆ ಎಡಗೈ ಒಂದೇ ಆಡುತ್ತದೆ. ಅದಕ್ಕೇ ಹಳೇ ಲಿಫ್ಟಿನಿಂದ ಕಿತ್ತ ಬಟನ್ ತಂದು ಮಂಚಕ್ಕೆ ಕೂರಿಸಿದ್ದೆ. ಒತ್ತಿದರೆ ಅಡುಗೆಮನೆಯಲ್ಲಿ ಬಜರ್. ಮೊದಲು ನೀರು. ಆಮೇಲೆ ಕರ್ಟನ್ ಸರಿಸು. ಆಮೇಲೆ ಕರ್ಟನ್ ಮೊದಲಿದ್ದ ಹಾಗೇ ಇರಲಿ. ಲಿಫ್ಟ್ ರಿಪೇರಿಯವನಿಗೆ ಮನೆಯಲ್ಲೂ ಅದೇ ಡ್ಯೂಟಿ!

ನಾಳೆ ನಮ್ಮನೆಯಲ್ಲೇ ಪ್ರಾರ್ಥನಾ ಕೂಟ. ಶುರು ಮಾಡುವುದು ಎಂದಿನಂತೆ ನಾನೇ. ಚರ್ಚಿನಲ್ಲಿ ನನಗೆ ‘ಮೈಕ್’ ಅಂತಲೇ ಹೆಸರು. ಹಿಂದಿನ ಬೆಂಚಿನವರೆಗೂ ಕೇಳಿಸುತ್ತದಂತೆ.

ಮಾರ್ಚ್ 5, ಬುಧವಾರ

ಅಪ್ಪನಿಗೆ ಹೊಡೆದೆ.

ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ. ಕೆಲಸಕ್ಕೆ ಹೊರಟಿದ್ದೆ. ಯಾವುದೋ ಆಫೀಸಿನ ಲಿಫ್ಟ್ ನಿಂತುಬಿಟ್ಟಿದೆ, ಮೇಲಿಂದ ಮೇಲೆ ಫೋನ್. ಶೂ ಹಾಕುತ್ತಿದ್ದೇನೆ — ಬಜರ್. ಓಡಿದೆ.

“ಏನಪ್ಪಾ?”

“ಏನಿಲ್ಲ. ಇದ್ದೀಯಾ ಅಂತ ನೋಡ್ದೆ.”

ಬಾಗಿಲವರೆಗೆ ಬಂದೆ. ಮತ್ತೆ ಬಜರ್.

“ಈಗೇನು?”

“ಏನಿಲ್ಲ...”

ಪಟಾರನೆ ಬಿಟ್ಟೆ. ಇರುವುದೇ ಒಂದು ಕೈ, ಆ ಕೈಗೇ. ಅಪ್ಪ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. ನಾನು ಬಜರಿನ ವೈರ್ ಕಿತ್ತು ಹೊರಟೆ.

ಸಂಜೆ ಕೂಟ. “ಎಲ್ಲಿ, ಮೈಕ್ ಆನ್ ಆಗ್ಲಿ” ಅಂದರು ಪಾಸ್ಟರ್. ಎಲ್ಲರೂ ನಕ್ಕರು. ಗಂಟಲು ನೋವು ಅಂದೆ. ಸುಳ್ಳು ಬೇರೆ. ಗೋಡೆಯ ಆಚೆ ಅಪ್ಪ ಮಲಗಿದ್ದಾನೆ. ಈಚೆ ಕೂತು ದೇವರನ್ನು ‘ತಂದೆಯೇ’ ಅಂತ ಯಾವ ಬಾಯಲ್ಲಿ ಕರೆಯಲಿ? ಥೂ.

ಮಾರ್ಚ್ 8, ಶನಿವಾರ

ತೀರ್ಮಾನ ಮಾಡಿದ್ದೇನೆ. ಒಂದು ವಾರ ಯಾರ ಮೇಲೂ ರೇಗಬಾರದು. ರಿಪೇರಿಯಾದ ಲಿಫ್ಟನ್ನೂ ಟೆಸ್ಟ್ ಮಾಡದೆ ಜನರನ್ನು ಹತ್ತಿಸುವುದಿಲ್ಲ. ಹಾಗೇ ನಾನೂ ಪಾಸಾದ ಮೇಲೆಯೇ ದೇವರ ಮುಂದೆ ಹೋಗುವುದು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ.

ಸಂಜೆ — ಪಾರ್ಕಿಂಗ್‌ನಲ್ಲಿ ವಾಚ್‌ಮನ್ ಮೇಲೆ ಕೂಗಾಡಿದೆ. ಆಯಿತಲ್ಲ! ಒಂದು ದಿನವೂ ಬಾಳಲಿಲ್ಲ ನನ್ನ ಒಳ್ಳೆಯತನ.

ಮಾರ್ಚ್ 12, ಬುಧವಾರ

ಕೂಟಕ್ಕೆ ಹೋಗಲಿಲ್ಲ. ಪಾಸ್ಟರೇ ಹುಡುಕಿಕೊಂಡು ಬಂದರು. ಹೆಂಡತಿ ಟೀ ಕೊಟ್ಟು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳಿಗೂ ಹೇಳಿಲ್ಲ.

“ಗಂಟ್ಲು ಹೇಗಿದೆ?” ಅಂದರು ಪಾಸ್ಟರ್.

“ಗಂಟ್ಲು ಚೆನ್ನಾಗೇ ಇದೆ. ದೇವ್ರ ಮುಂದೆ ಹೋಗೋಕೆ ಮುಖ ಇಲ್ಲ.”

ಯಾಕೆ ಅಂತ ಅವರು ಕೇಳಲಿಲ್ಲ. “ಯೇಸು ಬಾಗ್ಲು ತೆಗೆದಿಟ್ಟಿದ್ದಾನೆ ಕಣ್ರೀ. ನಾಚಿಕೆ ಇದ್ರೆ ಅದನ್ನ ಹೊತ್ಕೊಂಡೇ ಧೈರ್ಯವಾಗಿ ಹೋಗಿ. ಹೊರಗಡೆ ಇಳಿಸಿ ಬರ್ತೀನಿ ಅಂದ್ರೆ ಆಗೋ ಮಾತಲ್ಲ.”

ಹೇಳುವುದಕ್ಕೇನು. ಅವರು ಅಪ್ಪನಿಗೆ ಹೊಡೆದಿಲ್ಲವಲ್ಲ.

ಮಾರ್ಚ್ 15, ಶನಿವಾರ, ಮಧ್ಯಾಹ್ನ

ಅರ್ಧ ದಿನಕ್ಕೇ ಕೆಲಸ ಮುಗಿಯಿತು. ಬಜರ್ ಇಲ್ಲದ ಈ ದಿನಗಳಲ್ಲಿ ಅಪ್ಪನ ಕೋಣೆಗೆ ಆಗಾಗ ಇಣುಕುತ್ತಿದ್ದ ಹೆಂಡತಿ ಅಂಗಡಿಗೆ ಹೋಗಿದ್ದಳು. ಅಪ್ಪನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಅಪ್ಪ ಬಟನ್ ಒತ್ತುತ್ತಿದ್ದ. ವೈರ್ ಇಲ್ಲದ ಬಟನ್! ಒತ್ತುವುದು, ಬಾಗಿಲ ಕಡೆ ನೋಡುವುದು. ಮತ್ತೆ ಒತ್ತುವುದು. ಮುಖದಲ್ಲಿ ಸಿಟ್ಟಿಲ್ಲ, ಅನುಮಾನವೂ ಇಲ್ಲ. ಮಗ ಬರುತ್ತಾನೆ, ಅಷ್ಟೇ. ಬಾಗಿಲು ತಳ್ಳಿ ಒಳಗೆ ಹೋದೆ.

“ಏನಪ್ಪಾ?”

“ಎಷ್ಟೊತ್ತೋ ಬರೋಕೆ! ಒದ್ದೆ ಮಾಡ್ಕೊಂಡಿದೀನಿ. ಬೇಗ ಬದಲಾಯ್ಸು.”

ಒಣಗಲಿ, ಆಮೇಲೆ ಕರೆಯೋಣ ಅಂತ ಅಪ್ಪನಿಗೆ ಹೊಳೆದೇ ಇಲ್ಲ.

ಬಟ್ಟೆ ಬದಲಾಯಿಸಿದೆ. ಮೈ ಒರೆಸಿದೆ. ಕೈ ಹಿಡಿದುಕೊಂಡೆ. “ಅಪ್ಪಾ, ಅವತ್ತು ನಾನು...”

“ಗೊತ್ತು. ನೋವಾಯ್ತು.”

ಮರೆತಿರುತ್ತಾನೆ ಅಂದುಕೊಂಡಿದ್ದೆ. ಇಲ್ಲ. ನೆನಪಿಟ್ಟುಕೊಂಡೇ ಕರೆಯುತ್ತಿದ್ದಾನೆ, ಹೊಡೆದವನನ್ನೇ. ತಲೆ ಎತ್ತಲಾಗಲಿಲ್ಲ, ಅತ್ತುಬಿಟ್ಟೆ. ಅಪ್ಪ ಅದೇ ಕೈಯಿಂದ ನನ್ನ ತಲೆ ಸವರಿದ.

“ಬಜರ್ ಕೆಟ್ಟಿದೆ ಅನ್ಸುತ್ತೆ. ನೋಡು.”

ಅದೇ ದಿನ, ಸಂಜೆ

ವೈರ್ ಸೇರಿಸಿದೆ. ಬಜರ್ ಬರುತ್ತಿದೆ. ಅಪ್ಪನಿಗೆ ಜೊಂಪು ಹತ್ತಿದೆ.

ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದೇನೆ, ಡೈರಿ ಹಾಸಿಗೆಯ ಅಂಚಿನಲ್ಲಿ. ಮೈಕಿನ ಗಂಟಲು ಬೇಡ ಈಗ. ವಾರದ ಟೆಸ್ಟಿನಲ್ಲಿ ಫೇಲಾದವನೇ. ನಾಚಿಕೆ ಒಂದು ಚೂರೂ ಕಡಿಮೆಯಾಗಿಲ್ಲ. ಇರಲಿ, ಇದ್ದ ಹಾಗೇ...

ತಂದೆಯೇ, ನಾನು. ಅಪ್ಪನ ಕೈಗೆ —