ಇಲಿಯ ಮೂತ್ರಪಿಂಡದಲ್ಲಿ ತಾವು ಕಂಡ ಹೊಸ ನಾಳದ ಕುರಿತು

ಸಂಶೋಧನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ರಂಗನಾಯಕಿಯವರ ಕೆಲಸವನ್ನು ತಾವು ಕದ್ದಿದ್ದೀರಿ. ನಮಸ್ಕಾರ ಆಮೇಲೆ ಹೇಳುತ್ತೇನೆ.

ಆಕೆ ಮಂಡ್ಯದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ನಾನು ಅಲ್ಲಿನ ಪ್ರಯೋಗಾಲಯದ ಅಟೆಂಡರ್. ಎರಡು ವರ್ಷ, ಅರಿವಳಿಕೆ ಕೊಟ್ಟ ಇಲಿಯ ಮೂತ್ರಪಿಂಡದ ಮೇಲೆ ಬೆಳಕು ಬಿಟ್ಟು, ರಕ್ತ ಹರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಫೋಟೋ ತೆಗೆದೆವು. ದೀಪ ಕಟ್ಟಿಕೊಟ್ಟವರು ಬ್ಲಫ್‌ನ ವಿದ್ಯುದಾಗಾರದ ಮೇಸ್ತ್ರಿಯೊಬ್ಬರು. ರಕ್ತದ ಒತ್ತಡ ಏರಿದರೂ ಮೂತ್ರಪಿಂಡದೊಳಗೆ ಹರಿವು ಏರುತ್ತಿರಲಿಲ್ಲ. ಏಕೆಂದು ತಲೆ ಕೆಡಿಸಿಕೊಂಡಿದ್ದಾಗ, ಮಳವಳ್ಳಿ ಕಡೆ ನಾಲೆಯ ತೂಬು ಎತ್ತಿ ಇಳಿಸುವ ನೀರುಗಂಟಿ, ನಮ್ಮಪ್ಪ ಕೆಂಪಸಿದ್ದಯ್ಯ, ಬುತ್ತಿ ತಂದವನು ಕಣ್ಣಿಟ್ಟು ನೋಡಿದ.

"ಲೇ, ಇದ್ರೊಳಗೂ ಒಬ್ಬ ನೀರುಗಂಟಿ ಅವ್ನೆ ಕಣ್ಲಾ! ನೀರು ಜಾಸ್ತಿ ಬಂದಂಗೆಲ್ಲ ತೂಬು ಇಳುಸ್ತಾವ್ನೆ."

"ಒಳಬರುವ ನಾಳ ತಾನೇ ಕಿರಿದಾಗ್ತಿದೆ!" ಎಂದು ಆಕೆ ಬರೆದುಕೊಂಡರು. "ಇನ್ನು ನಿಮ್ಮ ತಂದೇನೇ ನನ್ನ ಗೈಡು ಕಣ್ರೀ."

ಇದನ್ನೆಲ್ಲ ಬರೆದು, ಫೋಟೋಗಳನ್ನು ಸೇರಿಸಿ, ಆಕೆ ತಮ್ಮ ಸಮಿತಿಗೆ ಫೈಲು ಕಳಿಸಿದರು. ಆಕೆಯ ಡಾಕ್ಟರೇಟ್ ನಿಂತಿದ್ದುದು ಆ ಫೈಲಿನ ಮೇಲೆ. ತಾವು "ಆಧಾರ ಸಾಲದು" ಎಂದು ಬರೆದು ಫೈಲು ವಾಪಸು ಕಳಿಸಿದಿರಿ. ಫೋಟೋಗಳನ್ನು ಕಳಿಸಲಿಲ್ಲ. ಎಂಟು ತಿಂಗಳ ಬಳಿಕ ಅವೇ ಫೋಟೋಗಳು ತಮ್ಮ ಹೆಸರಿನಲ್ಲಿ, ವಿಲಾಯಿತಿ ಯಂತ್ರದಲ್ಲಿ ತೆಗೆದವೆಂಬ ಒಕ್ಕಣೆಯೊಂದಿಗೆ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು. ಆಗ ಆಧಾರ ಸಾಕಾಯಿತೇ?

ಅಷ್ಟಕ್ಕೇ ನಿಂತಿದ್ದರೆ ತಾವು ಗೆದ್ದುಬಿಡುತ್ತಿದ್ದಿರಿ. ದುರಾಸೆ! ಪ್ರತಿ ಫೋಟೋದ ಬಲಕ್ಕೆ ಕುಡುಗೋಲಿನಂತೆ ಬಾಗಿದ ಗೆರೆಯೊಂದಕ್ಕೆ ಬಾಣ ಹಾಕಿ, "ಇದುವರೆಗೆ ಯಾರೂ ಕಾಣದ ಉಪನಾಳ" ಎಂದು ಬರೆದಿರಿ. ಸ್ವಾಮಿ, ಆ ನಾಳವನ್ನು ಹೆತ್ತವನು ನಾನು. ಫೋಟೋ ತೆಗೆಯಲು ಶುರುಮಾಡುವ ಮುಂಚೆ, ಆಯುಧಪೂಜೆಗೆಂದು ಸೂಕ್ಷ್ಮದರ್ಶಕವನ್ನು ಬಿಚ್ಚಿ, ಹಿತ್ತಾಳೆಯ ಜೊತೆ ಕಣ್ಣಿಡುವ ಕೊಳವೆಯ ಒಳಗಾಜನ್ನೂ ಹುಣಸೆಹಣ್ಣು, ಒಲೆಬೂದಿ ಹಾಕಿ ತಿಕ್ಕಿದ್ದೆ.

"ಅಯ್ಯೋ ರಾಮ! ಇದೇನು ಚೊಂಬಾ, ಪುಟ್ಟಮಾದಯ್ಯ?"

"ಪೂಜೆ ಅಲ್ವರಾ ಅಮ್ಮಾವ್ರೇ, ಒಳೀಲಿ ಅಂತ..."

"ಹೊಳೀತು! ಗೀರೂ ಬಿತ್ತು!"

ಹೊಸ ಗಾಜು ಬೇಡಿ ಬರೆದ ಅರ್ಜಿಯನ್ನು ತಳ್ಳಿಹಾಕಿದವರೂ ತಾವೇ. ಅದಕ್ಕೇ ಆಕೆ ಫೈಲಿನ ಕೊನೆಯ ಪುಟದಲ್ಲಿ "ಬಲಗಡೆಯದು ಗಾಜಿನ ಗೀರು, ಗಣಿಸಬಾರದು" ಎಂದು ಬರೆದಿದ್ದರು. ಕದಿಯುವವರಿಗೆ ಕೊನೆಯ ಪುಟದವರೆಗೆ ಓದುವಷ್ಟು ತಾಳ್ಮೆ ಎಲ್ಲಿಯದು?

ಆ ಗಾಜು ಈಗಲೂ ನಮ್ಮಲ್ಲೇ ಇದೆ. ಅದನ್ನು ತಿರುಗಿಸಿದರೆ ತಮ್ಮ ಉಪನಾಳವೂ ಸುತ್ತುತ್ತದೆ. ಅದಕ್ಕೆ ಇಲಿಯೇ ಬೇಕೆಂದಿಲ್ಲ. ಈರುಳ್ಳಿ ಸಿಪ್ಪೆಯಲ್ಲೂ ಕಾಣುತ್ತದೆ.

ಮುಂದಿನ ತಿಂಗಳು ಮದ್ದೂರಿನಲ್ಲಿ ತಮಗೆ ಸನ್ಮಾನವಂತೆ. ಅಷ್ಟರೊಳಗೆ ಈ ಕೆಲಸ ರಂಗನಾಯಕಿಯವರದೆಂದು ಅದೇ ಪತ್ರಿಕೆಯಲ್ಲಿ ತಾವೇ ಬರೆಯಬೇಕು. ಇಲ್ಲದಿದ್ದರೆ ಶಾಲು ಹೊದಿಸುವ ಹೊತ್ತಿಗೆ ಮೊದಲ ಸಾಲಿನಲ್ಲಿ ನಾನು, ನಮ್ಮಪ್ಪ, ಸೂಕ್ಷ್ಮದರ್ಶಕ ಮತ್ತು ಒಂದು ಈರುಳ್ಳಿ ಹಾಜರಿರುತ್ತೇವೆ. ಆಕೆಯ ಸಲುವಾಗಿ ತಾವು ಬರೆಯಿರಿ ಎನ್ನುತ್ತೇನೆ. ನನ್ನ ಸಲುವಾಗಿ ಕೇಳಿದರೆ, ದಯವಿಟ್ಟು ಬರೆಯಬೇಡಿ. ಈರುಳ್ಳಿ ಆಗಲೇ ಆರಿಸಿಟ್ಟಿದ್ದೇನೆ.

ನಮಸ್ಕಾರ.

ಇಂತಿ,
ಹುಣಸೆಹಣ್ಣಿನಿಂದ ರಕ್ತನಾಳ ಹುಟ್ಟಿಸಿದ ತಪ್ಪಿತಸ್ಥ,
ಪುಟ್ಟಮಾದಯ್ಯ
ಮಂಡ್ಯ, ೧೯೭೬